ಊರ ಮೇಲಿನ ಸಣ್ಣ ಅಣೆಕಟ್ಟಿನ ಅಪಾಯದ ವರ್ಗ ತಿಳಿಯುವ ಬಗೆ

ಕಲಬುರಗಿ ಜಿಲ್ಲೆಯ ಚಿಂಚೋಳಿ, ಆಳಂದ ತಾಲ್ಲೂಕುಗಳಲ್ಲಿ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಮಳೆನೀರಿನ ರಭಸ ತಡೆದ ಕೆರೆಗಳ ಬಗ್ಗೆ ವಿಚಾರಿಸಿದರೆ, ‘ಏರಿ ಗಟ್ಟಿ ಇದೆ, ಏನೂ ಆಗುವುದಿಲ್ಲ’ ಎನ್ನುವವರೇ ಹೆಚ್ಚು. ಆದರೆ ಅಪಾಯದ ವರ್ಗವನ್ನು ಏರಿಯ ಗಟ್ಟಿತನ ನೋಡಿ ನಿರ್ಧರಿಸುವುದಿಲ್ಲ. ಅದು ಒಡೆದರೆ ಕೆಳಗಿನ ಜೀವ, ಮನೆ, ರಸ್ತೆಗಳಿಗೆ ಎಷ್ಟು ಹಾನಿಯಾದೀತು ಎಂಬುದನ್ನು ನೋಡಿ ನಿರ್ಧರಿಸುತ್ತಾರೆ.

ಮೊದಲು ಎತ್ತರ, ಉದ್ದ, ಸಂಗ್ರಹದ ಅಳತೆಗಳನ್ನು ಕಚೇರಿಯಿಂದ ಪಡೆಯಬೇಕು. ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಜಮೀನು, 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯನ್ನೂ, ಕಡಿಮೆಯಿದ್ದರೆ ಜಿಲ್ಲಾ ಪಂಚಾಯಿತಿಯನ್ನೂ ಕೇಳಬೇಕು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು 15 ಮೀಟರ್ ಎತ್ತರ ಮೀರಿದ ಎಲ್ಲ ಅಣೆಕಟ್ಟುಗಳಿಗೆ ಅನ್ವಯಿಸುತ್ತದೆ. 10ರಿಂದ 15 ಮೀಟರಿನವು 500 ಮೀಟರ್ ಉದ್ದ ಅಥವಾ 10 ಲಕ್ಷ ಘನ ಮೀಟರ್ ಸಂಗ್ರಹದಂತಹ ಷರತ್ತುಗಳಲ್ಲಿ ಒಂದನ್ನು ಪೂರೈಸಿದರೆ ಅದರೊಳಗೆ ಬರುತ್ತವೆ. ಎತ್ತರವನ್ನು ಅಳೆಯುವುದು ಕಣ್ಣಿಗೆ ಕಾಣುವ ನೆಲದಿಂದಲ್ಲ, ಅಡಿಪಾಯದ ತಳದಿಂದ. ಕಾಯ್ದೆಗೆ ಒಳಪಟ್ಟವನ್ನು ವರ್ಷವೂ ಮಳೆಗಾಲದ ಮುಂಚೆ ಮತ್ತು ನಂತರ ತಪಾಸಣೆ ಮಾಡಲೇಬೇಕು. ಹೊರಗುಳಿದ ಸಣ್ಣ ಕೆರೆಗಳಿಗೆ ಈ ರಕ್ಷಣೆ ಇಲ್ಲದ ಕಾರಣ, ಊರವರ ಕಣ್ಗಾವಲು ಅಲ್ಲಿ ಹೆಚ್ಚು ಅಗತ್ಯ.

ಮುಂದಿನದು ನಡಿಗೆ, ಇದಕ್ಕೆ ಒಂದು ಇಡೀ ದಿನ ಮೀಸಲಿಡಬೇಕು. ಏರಿಯ ಬುಡದಿಂದ ಹಳ್ಳದ ಗುಂಟ ಕೆಳಗಿಳಿಯುತ್ತ ಎರಡೂ ದಂಡೆಯ ಮನೆ, ಶಾಲೆ, ಅಂಗನವಾಡಿ, ಸೇತುವೆ, ತೊಗರಿ ಹೊಲಗಳನ್ನು ನಕ್ಷೆಯಲ್ಲಿ ಗುರುತಿಸಬೇಕು. ಹಿಂದಿನ ನೆರೆ ಯಾವ ಗೋಡೆಯವರೆಗೆ ಬಂದಿತ್ತೆಂದು ಹಿರಿಯರನ್ನು ಕೇಳಬೇಕು, ಆದರೆ ಏರಿ ಒಡೆದಾಗ ನೀರು ಆ ಗುರುತನ್ನೂ ದಾಟಬಹುದೆಂಬುದನ್ನು ಮರೆಯಬಾರದು. ರಾತ್ರಿ ಅಲ್ಲಿ ಯಾರು ಮಲಗುತ್ತಾರೆ? ಕಬ್ಬು ಕಡಿಯುವವರ ಗುಡಿಸಲು, ಕುರಿಗಾಹಿಗಳ ಬಿಡಾರಗಳು ಯಾವ ದಾಖಲೆಯಲ್ಲೂ ಇರುವುದಿಲ್ಲ. ಏರಿ ಹಾಗೆಯೇ ಇದ್ದರೂ ಕೆಳಗೆ ಹೊಸ ಬಡಾವಣೆ ಎದ್ದರೆ ಅಪಾಯದ ವರ್ಗ ಮೇಲೇರುತ್ತದೆ.

ಅಪಾಯದ ವರ್ಗವನ್ನು ಇದು ಬದಲಿಸದಿದ್ದರೂ, ಬಳಿಕ ಏರಿಯ ಸ್ಥಿತಿಯನ್ನೂ ನೋಡಬೇಕು. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುವುದು ಸಹಜವಾದರೂ, ಏರಿಯ ಉದ್ದಕ್ಕೆ ಸಾಗುವ ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು ಅಂತರ ಹೆಚ್ಚುತ್ತಿದೆಯೇ ಎಂದು ವಾರವಾರ ಅಳೆಯಬೇಕು. ಬುಡದಲ್ಲಿ ಜಿನುಗುವ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ರಾತ್ರಿ ಇಟ್ಟಾಗ ತಳದಲ್ಲಿ ಮಣ್ಣು ಕುಳಿತರೆ, ಏರಿ ಒಳಗೊಳಗೇ ಕೊರೆದುಹೋಗುತ್ತಿದೆ ಎಂದರ್ಥ. ಅಂದೇ ಎಂಜಿನಿಯರಿಗೆ ತಿಳಿಸಬೇಕು.

ಸಣ್ಣ ಅಣೆಕಟ್ಟಿನ ಕೋಡಿಯನ್ನು, ಅಂದರೆ ಹೆಚ್ಚಾದ ನೀರು ಹೊರಹರಿಯುವ ದಾರಿಯನ್ನು, ಭಾರತೀಯ ಮಾನಕದ ಪ್ರಕಾರ ನೂರು ವರ್ಷಕ್ಕೊಮ್ಮೆ ಬರಬಹುದಾದ ನೆರೆಗೆ ವಿನ್ಯಾಸ ಮಾಡಲಾಗುತ್ತದೆ. ನಾಲ್ಕು ದಿನ ಹೆಚ್ಚು ನೀರು ಸಿಗಲೆಂದು ಕೋಡಿಗೆ ಮರಳಿನ ಚೀಲ ಅಡ್ಡವಿಟ್ಟರೆ ಆ ಲೆಕ್ಕವೇ ತಪ್ಪಿ, ನೀರು ಏರಿಯ ನೆತ್ತಿಯ ಮೇಲೆ ಹರಿಯಬಹುದು. ಮಣ್ಣಿನ ಏರಿ ಅದನ್ನು ತಾಳಲಾರದು. ಮೃಗಶಿರಾ ಮಳೆಗೆ ಮುನ್ನವೇ ಚೀಲಗಳನ್ನೂ ಜಾಲಿ ಪೊದೆಗಳನ್ನೂ ತೆಗೆಸಿ, ನಕ್ಷೆಯ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಇನ್ನೊಂದನ್ನು ತಹಶೀಲ್ದಾರರ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಬೇಕು.