ವಿಶ್ವ ತಾನಾಗಿ ಬಂತಾ, ಯಾರಾದರೂ ಮಾಡಿದರಾ? ಮಕ್ಕಳ ಜೊತೆ ಮಾತಾಡುವುದು ಹೇಗೆ

ನಾನು ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಬಿಗ್ ಬ್ಯಾಂಗ್, ಅಂದರೆ ವಿಪರೀತ ಬಿಸಿಯಾಗಿ ಒತ್ತೊತ್ತಾಗಿದ್ದ ವಿಶ್ವ ಹಿಗ್ಗುತ್ತಾ ಬಂತು ಅನ್ನುವ ಮಾತು ಬಂತೆಂದರೆ, ವಿಶ್ವ ತಾನಾಗಿ ಬಂತಾ, ಯಾರಾದರೂ ಮಾಡಿದರಾ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಆಗ ಉತ್ತರ ಕೊಡಲು ಅವಸರ ಮಾಡಬೇಡಿ. ಮೊದಲು ಪ್ರಶ್ನೆಯನ್ನೇ ಬಿಡಿಸಿ. ಸುಮಾರು 1380 ಕೋಟಿ ವರ್ಷದಿಂದ ಈ ವಿಶ್ವ ಹೇಗೆ ಬೆಳೆದು ಬಂತು ಎನ್ನುವುದು ಒಂದು ಪ್ರಶ್ನೆ. ಏನೂ ಇಲ್ಲದೆಯೂ ಇರಬಹುದಿತ್ತಲ್ಲ, ಇಷ್ಟೆಲ್ಲ ಯಾಕಿದೆ ಎನ್ನುವುದು ಬೇರೆಯದೇ ಪ್ರಶ್ನೆ.

ಮೊದಲನೆಯದಕ್ಕೆ ಜಾಸ್ತಿ ಸಮಯ ಕೊಡಿ. ಯಾಕೆಂದರೆ ‘ಆಕಸ್ಮಿಕ’ ಅನ್ನುವ ಮಾತು ಮಕ್ಕಳ ತಲೆಯಲ್ಲಿ ಕೂತಿರುವುದೇ ಇಲ್ಲಿ. ನಾನು ಹೀಲಿಯಂ ಕಥೆ ಹೇಳುತ್ತೇನೆ. ಮೊದಲ ಕೆಲವು ನಿಮಿಷ ವಿಶ್ವ ವಿಪರೀತ ಬಿಸಿಯಾಗಿತ್ತು. ಅದು ತಣ್ಣಗಾಗುತ್ತಾ ಪ್ರೋಟಾನು, ನ್ಯೂಟ್ರಾನು ಸೇರಿ ಹೀಲಿಯಂ ಆಯಿತು. ಎಷ್ಟಾಗಬೇಕು ಅಂತ ಲೆಕ್ಕ ಹಾಕಿದರೆ, ಮಾಮೂಲಿ ವಸ್ತುವಿನ ತೂಕದಲ್ಲಿ ಸುಮಾರು ಕಾಲು ಭಾಗ ಅಂತ ಬರುತ್ತದೆ. ಆಕಾಶದಲ್ಲಿ ಅಳೆದು ನೋಡಿದರೂ ಅಷ್ಟೇ ಸಿಗುತ್ತದೆ! ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಇಲ್ಲಿ ನಡೆದದ್ದು ನಿಯಮದ ಪ್ರಕಾರ, ಸುಮ್ನೆ ಹೇಗೆಂದರೆ ಹಾಗಲ್ಲ. ಹಾಗಾಗಿ ‘ಆಕಸ್ಮಿಕವೋ, ದೇವರೋ’ ಅಂತ ಎರಡೇ ಆಯ್ಕೆ ಇಡುವುದು ಸರಿಯಲ್ಲ. ನಿಯಮ ಅನ್ನುವ ಮೂರನೆಯದೂ ಇದೆ.

ತಕ್ಷಣ ಒಬ್ಬರು ಕೇಳುತ್ತಾರೆ: ಆ ನಿಯಮ ಎಲ್ಲಿಂದ ಬಂತು? ಒಳ್ಳೆಯ ಪ್ರಶ್ನೆ, ತಡೆಯಬೇಡಿ. ‘ದೇವರನ್ನು ಯಾರು ಮಾಡಿದರು’ ಅನ್ನುವುದನ್ನೂ ಅಷ್ಟೇ ಗೌರವದಿಂದ ಕೇಳಿಸಿಕೊಳ್ಳಿ. ಎರಡೂ ಕಡೆ ‘ಇದು ಮೊದಲಿನಿಂದಲೇ ಇತ್ತು’ ಅಂತ ಎಲ್ಲೋ ನಿಲ್ಲಬೇಕಾಗುತ್ತದೆ, ಅಲ್ವಾ?

ದೊಡ್ಡ ಮಕ್ಕಳು ಇನ್ನೊಂದು ವಾದ ತರುತ್ತಾರೆ. ಗುರುತ್ವ, ವಿದ್ಯುತ್ ಬಲ ಇವೆಲ್ಲ ಚೂರು ಬೇರೆಯಾಗಿದ್ದರೆ ನಾವೇ ಇರುತ್ತಿರಲಿಲ್ಲ, ಇದು ತಾನಾಗಿ ಆಗುವ ಸಾಧ್ಯತೆ ಎಷ್ಟು ಕಡಿಮೆ ನೋಡಿ ಅಂತ. ವಾದ ಗಟ್ಟಿಯಾದದ್ದೇ. ಆದರೆ ಸಾಧ್ಯತೆ ಎಷ್ಟು ಅಂತ ಹೇಳುವ ಮೊದಲು ದಾಳಕ್ಕೆ ಎಷ್ಟು ಮುಖ ಅಂತ ಗೊತ್ತಿರಬೇಕು. ನಮಗೆ ಕಂಡಿರುವುದು ಒಂದೇ ವಿಶ್ವ. ಬೇರೆ ಬೇರೆ ವಿಶ್ವಗಳಿವೆ ಅನ್ನುವವರಿಗೂ ಇದೇ ಮಾತು ಹೇಳಿ: ಅವನ್ನೂ ಯಾರೂ ಕಂಡಿಲ್ಲ.

ಲೆಮೈತ್ರ್ ಬಗ್ಗೆ ತಪ್ಪದೆ ಹೇಳಿ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲೇ ಬರೆದ ಈ ಭೌತವಿಜ್ಞಾನಿ ಕ್ಯಾಥೊಲಿಕ್ ಪಾದ್ರಿ. ಆದರೂ 1951ರಲ್ಲಿ ಪೋಪ್ ಹನ್ನೆರಡನೇ ಪಿಯಸ್ ಈ ವಿಜ್ಞಾನವನ್ನು ಸೃಷ್ಟಿಗೆ ಸಾಕ್ಷಿ ಎಂಬಂತೆ ಮಾತಾಡಿದ್ದು ಅವರಿಗೆ ಹಿಡಿಸಲಿಲ್ಲ. ಭಕ್ತಿಯನ್ನೂ ಲೆಕ್ಕವನ್ನೂ ಅವರು ಬೆರೆಸಲಿಲ್ಲ.

ಕೊನೆಗೆ ‘ನೀವೇನು ನಂಬ್ತೀರಿ?’ ಅಂತ ಕೇಳುತ್ತಾರೆ. ಜಾರಿಕೊಳ್ಳಬೇಡಿ. ನಾನು ದೇವರನ್ನು ನಂಬುತ್ತೇನೆ, ಹಾಗಂತ ಹೇಳುತ್ತೇನೆ. ಇದು ನನ್ನ ನಂಬಿಕೆ, ಹೀಲಿಯಂ ಅಳತೆಯ ಹಾಗೆ ಪರೀಕ್ಷೆ ಮಾಡಿದ್ದಲ್ಲ ಅಂತಲೂ ಹೇಳುತ್ತೇನೆ. ಒಪ್ಪದ ಮಗುವಿಗೆ ಅದರ ಕಾರಣ ಹೇಳಲು ಬಿಡುತ್ತೇನೆ, ನಡುವೆ ಬಾಯಿ ಹಾಕುವುದಿಲ್ಲ.