ರೈಲ್ಸ್ ಟ್ಯೂಬಿನಲ್ಲಿ ಕಂಡ ಕಾಫಿ ಬಣ್ಣ

ಮಂಡ್ಯದ ಒಂದು ಆಸ್ಪತ್ರೆಯ ಐಸಿಯುನಲ್ಲಿ ನಾನು ಡಾಕ್ಟರ್. ಬೆಳೆಗೆ ಹೊಡೆಯುವ ಔಷಧಿ ಕುಡಿದವರು, ಕಬ್ಬಿನ ಗದ್ದೆಯಲ್ಲಿ ಕೊಳಕುಮಂಡಲ ಹಾವು ಕಚ್ಚಿಸಿಕೊಂಡವರು ನಮ್ಮಲ್ಲಿಗೆ ಜಾಸ್ತಿ ಬರುತ್ತಾರೆ.

ಕೆಲವು ವರ್ಷಗಳ ಹಿಂದಿನ ಮಾತು. ವಿಷ ಕುಡಿದ ರೈತರೊಬ್ಬರು ವೆಂಟಿಲೇಟರ್ ಮೇಲಿದ್ದರು. ಐದನೇ ದಿನ. ಉಸಿರಾಟ ಸುಧಾರಿಸುತ್ತಿತ್ತು. ಬೆಳಿಗ್ಗೆ ಸಿಸ್ಟರ್, ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿಗೆ ಸಿರಿಂಜ್ ಹಾಕಿ ಎಳೆದವರು, "ಮೇಡಂ, ಸ್ವಲ್ಪ ಇಲ್ಲಿ ಬನ್ನಿ" ಎಂದರು. ಸಿರಿಂಜಿನ ತುಂಬ ಕಾಫಿ ಚರಟ ಕಲಸಿದಂಥ ನೀರು. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು.

ಕೇಸ್ ಶೀಟ್ ತಿರುವಿದೆ. ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್ ಬರೆದೇ ಇರಲಿಲ್ಲ. ಪಕ್ಕದ ಬೆಡ್ಡಿನಲ್ಲಿ ಎದ್ದು ಕೂತು ಇಡ್ಲಿ ತಿನ್ನುತ್ತಿದ್ದವರಿಗೆ ಅದೇ ಇಂಜೆಕ್ಷನ್ ದಿನಕ್ಕೆರಡು ಸಲ ಹೋಗುತ್ತಿತ್ತು. ಎರಡೂ ಶೀಟ್‌ಗಳನ್ನು ಹಿಂದಿನ ದಿನ ನಾನೇ ನೋಡಿದ್ದೆ. ಆ ರೈತರು ಉಳಿದರು. ಆದರೆ ಎರಡು ಬಾಟಲಿ ರಕ್ತ ಕೊಡಬೇಕಾಯಿತು.

ಇದಕ್ಕೆ ಸ್ಟ್ರೆಸ್ ಅಲ್ಸರ್ ಅನ್ನುತ್ತಾರೆ. ಹಾಗೆಂದರೆ ಟೆನ್ಷನ್‌ನಿಂದ ಬಂದ ಹುಣ್ಣು ಅಂತ ಮನೆಯವರು ತಿಳಿಯುತ್ತಾರೆ. ಹಾಗಲ್ಲ. ಜೀವಕ್ಕೆ ಕುತ್ತು ಬಂದಾಗ ದೇಹ ಮೊದಲು ಮಿದುಳು, ಹೃದಯಕ್ಕೆ ರಕ್ತ ಕಳಿಸುತ್ತದೆ. ಹೊಟ್ಟೆಯ ಒಳಪೊರೆಗೆ ಸಿಗುವುದು ಕಡಿಮೆ. ಸೊರಗಿದ ಪೊರೆಯನ್ನು ಹೊಟ್ಟೆಯ ಆಸಿಡ್ಡೇ ಸುಡುತ್ತದೆ.

ಆಮೇಲೆ ಓದಲು ಕೂತೆ. 1994ರಲ್ಲಿ ಕೆನಡಾದವರು 2,252 ಐಸಿಯು ರೋಗಿಗಳನ್ನು ಗಮನಿಸಿದ್ದರು. 48 ಗಂಟೆಗಿಂತ ಹೆಚ್ಚು ವೆಂಟಿಲೇಟರ್, ಇಲ್ಲವೇ ರಕ್ತ ಹೆಪ್ಪುಗಟ್ಟದಿರುವುದು, ಇವೆರಡರಲ್ಲಿ ಒಂದಾದರೂ ಇದ್ದವರಲ್ಲಿ ಗಂಭೀರ ರಕ್ತಸ್ರಾವ 3.7 ಶೇಕಡಾ. ಎರಡೂ ಇಲ್ಲದವರಲ್ಲಿ ಬರೀ 0.1. ಎಷ್ಟು ವ್ಯತ್ಯಾಸ ಅಲ್ವಾ? 2024ರ ದೊಡ್ಡ ಅಧ್ಯಯನವೂ ವೆಂಟಿಲೇಟರ್ ಮೇಲಿರುವವರಿಗೆ ಪ್ಯಾಂಟೊಪ್ರಜೋಲ್ ಕೊಟ್ಟರೆ ರಕ್ತಸ್ರಾವ 3.5ರಿಂದ 1 ಶೇಕಡಾಕ್ಕೆ ಇಳಿಯುತ್ತದೆ ಎಂದು ತೋರಿಸಿತು. ಸಾವಿನ ಲೆಕ್ಕದಲ್ಲಿ ಮಾತ್ರ ಹೇಳುವಂಥ ವ್ಯತ್ಯಾಸ ಇರಲಿಲ್ಲ.

ಈಗ ಬೆಳಗಿನ ರೌಂಡ್ಸ್‌ನಲ್ಲಿ ಪ್ರತಿ ಬೆಡ್ ಮುಂದೆ ನಿಂತು ಜೋರಾಗಿ ಕೇಳುತ್ತೇನೆ. ವೆಂಟಿಲೇಟರ್ ಎರಡು ದಿನ ದಾಟುತ್ತದಾ? ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆಯಾ, ಹೆಪ್ಪುಗಟ್ಟುವುದು ತಡವಾದಷ್ಟೂ ಏರುವ ಐಎನ್ಆರ್ 1.5ಕ್ಕಿಂತ ಜಾಸ್ತಿಯಾ? ಒಂದಕ್ಕಾದರೂ ಹೌದಾದರೆ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ, ದಿನಕ್ಕೆ ಒಂದೇ ಸಲ. ಪಕ್ಕದಲ್ಲೇ ಕಾರಣ ಬರೆಯಬೇಕು. ಕಾರಣ ಹೋದ ದಿನ ಔಷಧಿಗೂ ಗೆರೆ. ಕೊಳಕುಮಂಡಲದ ಕೇಸಿನಲ್ಲಿ ಮುಖ್ಯ ಚಿಕಿತ್ಸೆ ಹಾವಿನ ವಿಷಕ್ಕೆ ಕೊಡುವ ಎಎಸ್‌ವಿ ಇಂಜೆಕ್ಷನ್ನೇ. ರಕ್ತ ಸರಿಯಾಗಿ ಹೆಪ್ಪುಗಟ್ಟತೊಡಗಿದರೆ ಪ್ಯಾಂಟೊಪ್ರಜೋಲ್ ನಿಲ್ಲಿಸುತ್ತೇನೆ. ಬಿಪಿ ಬಿದ್ದವರು, ಲಿವರ್ ಕೆಟ್ಟವರು, ತಲೆಗೆ ಪೆಟ್ಟಾದವರ ವಿಷಯದಲ್ಲಿ ನಿಂತು ಯೋಚಿಸುತ್ತೇನೆ.

ಬಿಪಿ ಸ್ಥಿರವಾದ ಕೂಡಲೇ ಟ್ಯೂಬಿನಲ್ಲಿ ಆಹಾರವನ್ನೂ ಶುರು ಮಾಡುತ್ತೇವೆ. ಹೊಟ್ಟೆ ಖಾಲಿ ಬಿಡುವುದು ನನಗೆ ಇಷ್ಟವಿಲ್ಲ. ಮನೆಯವರು ರಾಗಿ ಗಂಜಿ ತರುತ್ತೇವೆ ಅಂದರೆ, ತೆಳ್ಳಗೆ ಮಾಡಿ ಬಟ್ಟೆಯಲ್ಲಿ ಶೋಧಿಸಿ ತನ್ನಿ ಅನ್ನುತ್ತೇನೆ. ಇಲ್ಲದಿದ್ದರೆ ಟ್ಯೂಬ್ ಕಟ್ಟಿಕೊಳ್ಳುತ್ತದೆ.

ಒಮ್ಮೆ ಹಳೆಯ ರೋಗಿಯೊಬ್ಬರು ಓಪಿಡಿಗೆ ಬಂದರು. ಹತ್ತು ತಿಂಗಳಿಂದ ದಿನಾ ಗ್ಯಾಸ್ ಮಾತ್ರೆ ನುಂಗುತ್ತಿದ್ದರು. "ಐಸಿಯುನಲ್ಲಿ ನೀವೇ ಕೊಟ್ಟಿದ್ರಲ್ಲಾ ಮೇಡಂ, ಬಿಡ್ಬಾರ್ದು ಅನ್ಕೊಂಡೆ" ಎಂದರು. ಅಂದಿನಿಂದ ವಾರ್ಡಿಗೆ ಕಳಿಸುವ ಮುಂಚೆ ಶೀಟ್‌ನಲ್ಲಿ ಆ ಔಷಧಿಯ ಸಾಲಿಗೆ ನಾನೇ ಗೆರೆ ಎಳೆಯುತ್ತೇನೆ. ಮುಂದುವರಿಸಲು ಬೇರೆ ಕಾರಣ ಇದ್ದರೆ ಎಷ್ಟು ದಿನ ಎಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದು, ಮನೆಯವರಿಂದ ಒಂದು ಸಲ ಓದಿಸುತ್ತೇನೆ.