ಟಿಐ-84 ಪ್ಲಸ್‌ನಲ್ಲಿ 'ಮೆಮೊರಿ' ಎರರ್: ನನ್ನ ಅನುಭವ

ನನ್ನ ಟಿಐ-84 ಪ್ಲಸ್ ಗ್ರಾಫಿಂಗ್ ಕ್ಯಾಲ್ಕುಲೇಟರ್‌ನಲ್ಲಿ ಪ್ರೋಗ್ರಾಂ ಓಡಿಸಿದರೆ 'ಎರರ್ ಮೆಮೊರಿ' ಎಂದು ಬರುತ್ತಿತ್ತು. ಹೊಸ ಲಿಸ್ಟ್ (ಸಂಖ್ಯೆಗಳ ಸಾಲು) ತುಂಬಿಸಿದರೂ ಅದೇ.

ಬೇಡದ ಆ್ಯಪ್‌ಗಳನ್ನು ಅಳಿಸಿದ್ದು ವ್ಯರ್ಥ: ಅವು ಇರುವುದು 480 ಕೆಬಿ ಶೇಖರಣಾ ಜಾಗವಾದ ಆರ್ಕೈವ್‌ನಲ್ಲಿ, ಸಾಲದಿದ್ದದ್ದು ಲೆಕ್ಕ, ಪ್ರೋಗ್ರಾಂ ನಡೆಯುವ 24 ಕೆಬಿ ರ‍್ಯಾಮ್. ಹಿಂದೆ ಟೈಪ್ ಮಾಡಿದ ಲೆಕ್ಕಗಳನ್ನು ಅಳಿಸುವ ಕ್ಲಿಯರ್ ಎಂಟ್ರೀಸ್‌ನಿಂದ ಸಿಕ್ಕಿದ್ದು ಅತ್ಯಲ್ಪ ಜಾಗ.

ಸರಿಹೋದದ್ದು ಹೀಗೆ. ಸೆಕೆಂಡ್ (2nd) ಕೀ, ಪ್ಲಸ್ ಕೀ ಒತ್ತಿ, 2 (ಮೆಮ್ ಮ್ಯಾನೇಜ್‌ಮೆಂಟ್), ಆಮೇಲೆ 4 (ಲಿಸ್ಟ್). ಮೇಲೆ ರ‍್ಯಾಮ್ ಫ್ರೀ ಎಷ್ಟೆಂದು ಕಾಣುತ್ತದೆ. ಒಂದು ವಾಸ್ತವ ಸಂಖ್ಯೆಗೆ 9 ಬೈಟ್. 999 ಅಂಶಗಳ ಲಿಸ್ಟ್ ಸುಮಾರು 9 ಕೆಬಿ ನುಂಗುತ್ತದೆ. ಅಂಥವು ಎರಡಿದ್ದರೆ ರ‍್ಯಾಮ್ ಬಹುಪಾಲು ಮುಗಿಯಿತು! ಬೇಡದ್ದರ ಮೇಲೆ ಡೆಲ್. ಬೇಕಾದ್ದರ ಮೇಲೆ ಎಂಟರ್ ಒತ್ತಿದರೆ ಹೆಸರಿನ ಎಡಕ್ಕೆ ನಕ್ಷತ್ರ ಚಿಹ್ನೆ ಬಂದು ಅದು ಆರ್ಕೈವ್‌ಗೆ ಹೋಗುತ್ತದೆ. ಮತ್ತೆ ಅದೇ ಮೆನುಗೆ ಹೋಗಿ 7 ಒತ್ತಿ ಪ್ರೋಗ್ರಾಂಗಳಿಗೂ ಹೀಗೇ ಮಾಡಿ. ಆರ್ಕೈವ್ ಮಾಡಿದ್ದನ್ನು ನೇರ ಬಳಸಲಾಗದು. ಮೊದಲು ಮತ್ತೆ ಎಂಟರ್ ಒತ್ತಿ ನಕ್ಷತ್ರ ತೆಗೆಯಬೇಕು.

'ಗಾರ್ಬೇಜ್ ಕಲೆಕ್ಟ್?' (ಆರ್ಕೈವ್‌ನಲ್ಲಿ ಅಳಿಸಿದವುಗಳ ಜಾಗ ತೆರವು ಮಾಡಲೇ) ಎಂದು ಕೇಳಿದರೆ ಯೆಸ್ ಕೊಡಿ, ಮುಗಿಯುವವರೆಗೆ ಬ್ಯಾಟರಿ ಮುಟ್ಟಬೇಡಿ.